ಮಂಜಿನಡಿಯ ಗ್ರೈಂಡರ್

ಅಮೆರಿಕದ ಸೈನ್ಯಕ್ಕೆ ನನ್ನಿಂದ ಆದ ಉಪಕಾರವನ್ನು ಅವರು ಇನ್ನೂ ನೆನೆದಿಲ್ಲ. ಇರಲಿ, ದೊಡ್ಡವರು ಹಾಗೆಯೇ. ಹಡಗು, ವಿಮಾನ, ಸಾವಿರಾರು ಜನ ಕಟ್ಟಿಕೊಂಡು ದಕ್ಷಿಣ ಧ್ರುವಕ್ಕೆ ಹೋದರೂ ಅವರಿಗೆ ಸಿಗದಿದ್ದ ಹೆಸರನ್ನು ನಾನು ಅಹಮದಾಬಾದಿನ ಒಂದು ಹೋಟೆಲಿನ ಹಿಂಬದಿಯ ರುಬ್ಬುವ ಕೋಣೆಯಲ್ಲಿ, ಲುಂಗಿ ಉಟ್ಟು ನಿಂತುಕೊಂಡೇ, ಎರಡೂವರೆ ನಿಮಿಷದಲ್ಲಿ ಗಳಿಸಿಕೊಟ್ಟೆ.

ನನ್ನ ಪರಿಚಯವನ್ನು ನಾನೇ ಹೇಳಿಕೊಳ್ಳಬೇಕು. ಬೇರೆಯವರು ಹೇಳಿದರೆ ಅರ್ಧಕ್ಕೇ ನಿಲ್ಲಿಸುತ್ತಾರೆ. ಉಡುಪಿ ಕಡೆಯಿಂದ ಹರೆಯದಲ್ಲೇ ಗುಜರಾತಿಗೆ ಬಂದವನು ನಾನು. ಅಹಮದಾಬಾದಿನಲ್ಲಿ ನಲವತ್ತು ವರ್ಷ ಹೋಟೆಲು ನಡೆಸಿದೆ. ಸಾಂಬಾರಿಗೆ ಸಕ್ಕರೆ ಹಾಕಿ ಎಂದು ಕೇಳುವ ಊರಿನಲ್ಲಿ ಒಂದು ಚಿಟಿಕೆ ಸಕ್ಕರೆ ಹಾಕದೆ ಬಾಗಿಲಾಚೆಗೂ ಜನರನ್ನು ಸಾಲು ನಿಲ್ಲಿಸಿದೆ. ಬೆಲ್ಲ ಹಾಕುತ್ತಿದ್ದೆ, ಅದು ಬೇರೆ ವಿಷಯ. ಕಳೆದ ವರ್ಷ ಹೋಟೆಲು ಮುಚ್ಚಿ ಇದೇ ಊರಿನ ಅಂಚಿನ ಬೋಪಾಲ್ ಬಡಾವಣೆಯ ಒಂಬತ್ತನೇ ಮಹಡಿಯ ಫ್ಲಾಟಿನಲ್ಲಿ ಹೆಂಡತಿಯ ಜೊತೆ ಕೂತಿದ್ದೇನೆ. ಇಲ್ಲಿಂದ ಕೆಳಗೆ ನೋಡಿದರೆ ನೂರಾರು ಸ್ಕೂಟರುಗಳು, ಮೇಲೆ ನೋಡಿದರೆ ಇನ್ನೂ ಎಂಟು ಮಹಡಿ. ಮಧ್ಯದಲ್ಲಿ ನಾನು, ನನ್ನ ಫೋನು.

ಜನರನ್ನು ಮಂಗ ಮಾಡುವುದು ನನ್ನ ಹವ್ಯಾಸ ಎಂದು ಕೆಲವರು ಹೇಳುತ್ತಾರೆ. ತಪ್ಪು. ಅದು ನನ್ನ ನಿಜವಾದ ಕಸುಬು. ಹೋಟೆಲು ಹೊಟ್ಟೆಪಾಡಿಗೆ ಇತ್ತು. ನನ್ನ ಹೆಂಡತಿಯ ತಮ್ಮ ಹತ್ತೊಂಬತ್ತರ ವಯಸ್ಸಿಗೆ ಊರಿನಿಂದ ನನ್ನ ಹೋಟೆಲಿಗೆ ಕೆಲಸ ಕಲಿಯಲು ಬಂದ. ಬಂದ ವಾರವೇ ಉತ್ತರಾಯಣ, ಊರಿಡೀ ಮಾಳಿಗೆ ಹತ್ತಿ ಗಾಳಿಪಟ ಹಾರಿಸುವ ಹಬ್ಬ. ಹೊರರಾಜ್ಯದವರು ಪಟ ಹಾರಿಸಲು ಪರವಾನಗಿ ಬೇಕು, ಮಾಳಿಗೆಯ ಎತ್ತರ ಬರೆದು ಅರ್ಜಿ ಕೊಡಬೇಕು ಎಂದು ನಾನು ಹೇಳಿದೆ. ಪಾಪ, ಅವನು ವಾರ್ಡ್ ಆಫೀಸಿನಲ್ಲಿ ಅರ್ಧ ದಿನ ಸಾಲಿನಲ್ಲಿ ನಿಂತ. ಮಾಳಿಗೆಯನ್ನು ಅಳೆಯಲು ನಮ್ಮ ಅಡುಗೆಮನೆಯ ಹಗ್ಗವನ್ನೂ ಒಯ್ದಿದ್ದ. ಆಮೇಲೆ ಅವನು ಸೂರತ್ತಿಗೆ ಹೋಗಿ ಸ್ವಂತ ಹೋಟೆಲು ಹಾಕಿ ಮೇಲೆ ಬಂದ. ನಾನು ಅವನನ್ನು ಮನುಷ್ಯ ಮಾಡಿದೆ ಎಂದು ಹೇಳಿಕೊಳ್ಳುತ್ತೇನೆ. ಅವನು ಮಾತ್ರ ಅಂದಿನಿಂದ ಇಂದಿನವರೆಗೆ ನಾನು ಹೊರಗೆ ಮಳೆ ಬರುತ್ತಿದೆ ಎಂದರೆ ಕಿಟಕಿಯಿಂದ ಕೈ ಹೊರಗೆ ಚಾಚಿ ನೋಡಿಯೇ ಹೂಂ ಅನ್ನುವುದು.

ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರಿನ ಕನ್ನಡಿಗರದ್ದು ಒಂದು ವಾಟ್ಸಾಪ್ ಗುಂಪು ಇದೆ. ಅದರಲ್ಲಿ ಎರಡು ಜಾತಿ. ಹೋಟೆಲಿನವರು ಬೆಳಿಗ್ಗೆ ಹೂವಿನ ಚಿತ್ರ ಹಾಕುತ್ತಾರೆ. ಕಂಪನಿಯ ಹುಡುಗರು ತಿಂಗಳ ಕೊನೆಯಲ್ಲಿ 'ಫ್ಲಾಟ್ ಖಾಲಿ ಇದೆಯಾ, ಮೊಟ್ಟೆ ತಿಂದರೆ ಮಾಲೀಕರು ಏನೂ ಅನ್ನಬಾರದು' ಎಂದು ಹಾಕುತ್ತಾರೆ. ಇವೆರಡರ ಮೇಲೆ ಒಬ್ಬರು ಜ್ಞಾನಿ: ನಮ್ಮ ಬೋಪಾಲಿನವರೇ, ನಿವೃತ್ತ ಬ್ಯಾಂಕ್ ಮ್ಯಾನೇಜರರು. ಅವರಿಗೆ ನಿವೃತ್ತಿಯ ದಿನ ಶಾಲು, ಹಾರ, ಗೋಡೆ ಗಡಿಯಾರದ ಜೊತೆ ಪ್ರಪಂಚದ ಗುಟ್ಟುಗಳನ್ನೂ ಕೊಟ್ಟು ಕಳಿಸಿದ್ದರು ಎಂದು ಕಾಣುತ್ತದೆ. ದಿನಕ್ಕೆ ಹತ್ತು ವಿಡಿಯೊ. ಅದರಲ್ಲಿ ಎಂಟು ದಕ್ಷಿಣ ಧ್ರುವದ್ದು.

ಕಥೆ ಇಷ್ಟು. ಆ ದೊಡ್ಡ ಯುದ್ಧ ಮುಗಿದ ಹೊಸತರಲ್ಲಿ ಅಮೆರಿಕದವರು ದೊಡ್ಡ ದಂಡು ಕಟ್ಟಿಕೊಂಡು ದಕ್ಷಿಣ ಧ್ರುವಕ್ಕೆ ಹೋದರು. ಅಂದುಕೊಂಡದ್ದಕ್ಕಿಂತ ಬೇಗ ಹಿಂದೆ ಬಂದರು. ಯಾಕೆ ಬಂದರು? ಚಳಿಗಾಲ ಮುಂದೆ ಬಂತು, ಮಂಜು ಹಡಗನ್ನು ಕಚ್ಚುವ ಮೊದಲು ವಾಪಸು ಹೊರಟರು. ಇದು ಪುಸ್ತಕದವರು ಹೇಳುವ ಮಾತು. ಆದರೆ ನಮ್ಮ ಮ್ಯಾನೇಜರರ ಪ್ರಕಾರ ಸೋತ ಜರ್ಮನರು ಅಲ್ಲಿ ಮಂಜಿನ ಕೆಳಗೆ ಕೋಟೆ ಕಟ್ಟಿ ಕೂತಿದ್ದರು. ತಟ್ಟೆಯ ಆಕಾರದ ವಿಮಾನಗಳು ನೀರಿನಿಂದ ಎದ್ದು ಬಂದು ಹೊಡೆದವು. ಧ್ರುವದಲ್ಲಿ ಒಂದು ತೂತು ಉಂಟು, ಅದರೊಳಗೆ ಹಸಿರು ನಾಡು ಉಂಟು, ಅಲ್ಲಿಯ ಜನ ನಮಗಿಂತ ಎತ್ತರ. 'ಚಳಿಯಾಯಿತು, ಬಂದರು' ಎಂಬುದನ್ನು ಒಪ್ಪಲು ಮೂರು ಊರಿನಲ್ಲಿ ಒಬ್ಬರೂ ತಯಾರಿಲ್ಲ. ಜನವರಿಯಲ್ಲಿ ಸಂಜೆಗಾಳಿ ಸ್ವಲ್ಪ ತಂಪಾದರೆ ಮಂಗನ ಟೊಪ್ಪಿ, ಮಫ್ಲರ್ ಸುತ್ತಿ ಕಣ್ಣು ಮಾತ್ರ ಹೊರಗೆ ಬಿಟ್ಟು ಹಾಲು ತರಲು ಹೋಗುವ ಊರು ಇದು. ಇಲ್ಲಿ ಕೂತುಕೊಂಡು, ಚಳಿಗೆ ಸೈನ್ಯ ಹೆದರಿತೆಂದರೆ ನಂಬುವುದಿಲ್ಲ ಅನ್ನುತ್ತಾರೆ.

ನನಗೂ ಒಂದು ದಿನ ಸೇವೆ ಮಾಡಬೇಕೆನಿಸಿತು. ಎರಡು ವರ್ಷದ ಹಿಂದಿನ ಮಾತು, ಹೋಟೆಲು ಇನ್ನೂ ನಡೆಯುತ್ತಿತ್ತು. ಮಧ್ಯಾಹ್ನ ಊಟದ ಗಡಿಬಿಡಿ ಮುಗಿದು ರುಬ್ಬುವ ಕೋಣೆಯಲ್ಲಿ ಮಾರನೆಯ ದಿನದ ಉದ್ದು ತಿರುಗುತ್ತಿತ್ತು. ನಮ್ಮ ಗ್ರೈಂಡರ್ ಹಳೆಯ ಕಾಲದ್ದು, ಎರಡು ಆಳು ಸೇರಿದರೂ ಅಲುಗದ ಕಲ್ಲು. ಕೆಳಗಿನ ಕಲ್ಲು ತಿರುಗುತ್ತದೆ, ಗುಂಡುಕಲ್ಲು ಅದರೊಳಗೆ ಕೂತು ಅರೆಯುತ್ತದೆ. ಗುಂಡುಕಲ್ಲಿನ ಅಂಚಿನಲ್ಲಿ ಒಂದು ಚಕ್ಕೆ ಎದ್ದಿತ್ತು. ಹಾಗಾಗಿ ಸುತ್ತಿಗೊಮ್ಮೆ ಟಕ್ ಎನ್ನುತ್ತಿತ್ತು. ಉದ್ದು ಗಟ್ಟಿ ಇರುವಾಗ ಗರಗರ ಸದ್ದಿನಲ್ಲಿ ಆ ಟಕ್ ಮುಳುಗಿಹೋಗುತ್ತದೆ. ಹಿಟ್ಟು ಬೆಣ್ಣೆಯ ಹಾಗಾದ ಮೇಲೆ ಸದ್ದು ತಗ್ಗಿ, ಗೋಡೆಯ ಆಚೆ ಗಾಳಿ ಬೀಸಿದ ಹಾಗೆ 'ಹೂ' ಎಂದು ಉಳಿಯುತ್ತದೆ. ಅದರ ನಡುವೆ ಟಕ್. ಮತ್ತೆ ಹೂ. ಮತ್ತೆ ಟಕ್. ನನಗೆ ಅಲ್ಲೇ ದಕ್ಷಿಣ ಧ್ರುವ ಕಾಣಿಸಿತು.

ನನ್ನಲ್ಲಿ ಹಿಂದೆ ಹುಬ್ಬಳ್ಳಿ ಕಡೆಯ ಅಡುಗೆಯವರು ಒಬ್ಬರಿದ್ದರು. ಅವರ ಮಾತನ್ನು ನಾನು ಎಷ್ಟು ಚೆನ್ನಾಗಿ ಹಿಡಿದಿದ್ದೆನೆಂದರೆ ಸ್ವತಃ ಅವರೇ ನನ್ನನ್ನು ಕೇಳಿ ತಿದ್ದಿಕೊಳ್ಳುತ್ತಿದ್ದರು. ಮೂಗು ಹಿಡಿದು, ಫೋನನ್ನು ಗ್ರೈಂಡರಿನ ಹತ್ತಿರ ಇಟ್ಟು ಶುರು ಮಾಡಿದೆ:

"ನಮಸ್ಕಾರ್ರಿ ಎಲ್ಲಾರಿಗೂ. ನಾ ಒಬ್ಬ ರಿಟೈರ್ಡ್ ಫೌಜಿ ಅದೀನ್ರಿ. ಹೆಸರ ಹೇಳಂಗಿಲ್ಲ. ಹೇಳಿದ್ರ ನಾಳಿ ಮುಂಜಾನಿ ನಾ ಇರಂಗಿಲ್ಲ. ಅಮೆರಿಕದವರು ಹೋಗಿ ಓಡಿ ಬಂದ ಜಾಗಕ್ಕ ನಮ್ಮ ದಂಡೂ ಗುಟ್ಟಾಗಿ ಹೋಗಿತ್ರಿ. ಅದರಾಗ ನಾನೂ ಇದ್ದೆ. ಬರ್ಫದ ಕೆಳಗ ಏನೋ ಒಂದು ತಿರಗಾಕತ್ತೈತ್ರಿ. ಜೀವ ಕೈಯಾಗ ಹಿಡಕೊಂಡು ರೆಕಾರ್ಡ್ ಮಾಡೀನಿ. ಕೇಳ್ರಿ."

ಒಂದು ನಿಮಿಷ ಗ್ರೈಂಡರಿಗೆ ಮಾತಾಡಲು ಬಿಟ್ಟೆ. ನಿಲ್ಲಿಸಬಹುದಿತ್ತು. ಆದರೆ ಒಗ್ಗರಣೆ ಇಲ್ಲದೆ ಪಾತ್ರೆ ಕೆಳಗಿಳಿಸಿ ಅಭ್ಯಾಸವಿಲ್ಲದ ಕೈ. ಒಂದು ಮಾತು ಸೇರಿಸಿದೆ:

"ಇನ್ನೊಂದ ಹೇಳ್ತೀನ್ರಿ. ಅಲ್ಲಿಗೆ ಕಳಸಾಕ ಮದಿವಿ ಆಗದ ಹುಡುಗ ಹುಡಿಗ್ಯಾರನ್ನ ಆರಸ್ತಾರ. ಯಾಕಂದ್ರ ಹಿಂದ ಕೇಳಾವ್ರು ಕಡಿಮಿ."

ಬಾಗಿಲಲ್ಲಿ ನನ್ನ ಹೆಂಡತಿ ಕರಿಬೇವಿನ ಕಟ್ಟು ಹಿಡಿದು ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಪ್ರಾಯ ಆಯ್ತು, ನಾಚಿಗೆ ಮಾತ್ರ ಆಗ್ಲಿಲ್ಲ" ಎಂದು ಹೇಳಿ ಒಳಗೆ ಹೋದಳು. ನಾನು ಬೇರೊಂದು ಸಿಮ್ಮಿನಿಂದ ಅದನ್ನು ಮ್ಯಾನೇಜರರಿಗೆ ಕಳಿಸಿದೆ.

ಅರ್ಧ ಗಂಟೆಯಲ್ಲಿ ಗುಂಪಿಗೆ ಬಂತು. ಜೊತೆಗೆ ಮ್ಯಾನೇಜರರ ವಿವರಣೆ: ಟಕ್ ಎಂಬುದು ಪಿಸ್ಟನ್ನು, ಎರಡು ಟಕ್ಕುಗಳ ನಡುವಿನ ಅಂತರ ನೋಡಿದರೆ ಯಂತ್ರದ ಗಾತ್ರ ಬೋಪಾಲಿನಷ್ಟು ಇರಬೇಕು. ನನಗೆ ಊಟ ಸೇರಲಿಲ್ಲ, ನಗುವಿಗೆ ಹೊಟ್ಟೆಯಲ್ಲಿ ಜಾಗ ಬೇಕಿತ್ತು. ಕೆಲವು ವಾರದ ಮೇಲೆ ಒಂದು ಆಟೊ ಹತ್ತಿದೆ. ಆಟೊದವರು ತಮ್ಮ ಫೋನು ನನ್ನ ಕಿವಿಗೆ ಹಿಡಿದು, ಕಾಕಾ ಇದನ್ನು ಕೇಳಿ, ದಕ್ಷಿಣದವರೊಬ್ಬರು ಪ್ರಾಣ ಕೊಟ್ಟು ತಂದದ್ದು ಎಂದರು. ನನ್ನದೇ ದನಿ! ಕೆಳಗೆ ಗುಜರಾತಿ ಅಕ್ಷರ, ಹಿಂದೆ ಮಂಜುಗಡ್ಡೆಯ ಚಿತ್ರ, ಕೊನೆಯಲ್ಲಿ ಆ ಫೌಜಿ ಈಗ ಬದುಕಿಲ್ಲ ಎಂಬ ಸಾಲು. ನಾನು ಎರಡು ನಿಮಿಷ ನನಗೇ ಮರುಗಿದೆ. ಇಂಥ ಗೌರವ ಬದುಕಿರುವಾಗ ಯಾರಿಗೆ ಸಿಗುತ್ತದೆ ಹೇಳಿ.

ಸೂರತ್ತಿನ ಭಾವನಿಗೆ, ಅಂದರೆ ಗಾಳಿಪಟದ ಅರ್ಜಿಗೆ ನಿಂತ ಆ ಹೆಂಡತಿಯ ತಮ್ಮನಿಗೆ, ಒಬ್ಬಳೇ ಮಗಳು; ನಾವಿಬ್ಬರೂ ಒಬ್ಬರಿಗೊಬ್ಬರು ಭಾವ. ತಾಯಿ ಹೋಗಿ ಏಳೆಂಟು ವರ್ಷವಾಯಿತು. ಹುಡುಗಿ ಸೂರತ್ತಿನಲ್ಲೇ ಹುಟ್ಟಿ ಬೆಳೆದವಳು. ಅವಳ ಕನ್ನಡ ನಮ್ಮ ಸಾಂಬಾರಿನ ಹಾಗೆ, ಊರಿನದೇ ಹೌದು, ಆದರೆ ಇಲ್ಲಿಯ ಸಿಹಿ ಬಿದ್ದಿದೆ. ಓದಿದ್ದು ಭೂಮಿ, ಮಂಜು, ನೀರು. ಅಹಮದಾಬಾದಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ, ಬೋಪಾಲಿನಲ್ಲೇ ಗೆಳತಿಯರ ಜೊತೆ ಬಾಡಿಗೆ ಫ್ಲಾಟು. ಭಾನುವಾರ ಅತ್ತೆಯ ಕೈ ನೀರುದೋಸೆಗೆ ನಮ್ಮಲ್ಲಿಗೆ ಬರುತ್ತಾಳೆ. ಈ ಸಲ ಅವಳು ಬಂದದ್ದು ಬುಧವಾರ.

"ಮಾವ, ನನ್ನ ಸೆಲೆಕ್ಷನ್ ಆಯ್ತು. ದಕ್ಷಿಣ ಧ್ರುವಕ್ಕೆ. ನಾಲ್ಕು ತಿಂಗಳು."

ನಾನು ಎದ್ದು ನಿಂತೆ. ನಮ್ಮ ವಂಶದಲ್ಲಿ ಅಷ್ಟು ದೂರ ಹೋದವರು ಯಾರೂ ಇಲ್ಲ. ವಂಶ ಅವಳಪ್ಪನದ್ದು, ಆದರೂ ಹೆಮ್ಮೆಯಲ್ಲಿ ನನಗೆ ಪಾಲಿದೆ. "ನೋಡು," ಎಂದೆ ಹೆಂಡತಿಗೆ, "ನಾನು ಚಿಕ್ಕಂದಿನಲ್ಲಿ ಇವಳಿಗೆ ಫ್ರಿಜ್ಜಿನಿಂದ ಮಂಜುಗಡ್ಡೆ ತೆಗೆದುಕೊಟ್ಟು ಆಡಿಸಿದ್ದು ಪೊಕ್ಕಡೆ ಹೋಗ್ಲಿಲ್ಲ, ದಂಡ ಆಗ್ಲಿಲ್ಲ."

"ಲೇಕಿನ್ ಪಪ್ಪಾ ಸೈನ್ ಮಾಡ್ತಿಲ್ಲ" ಎಂದಳು ಹುಡುಗಿ. ಕಣ್ಣು ಕೆಂಪಾಗಿತ್ತು. "ಮನೆಯವರ ಸಹಿ ಬೇಕು, ಫಾರ್ಮ್ ಸೋಮವಾರ ಕೊಡಬೇಕು. ಪಪ್ಪಾ ಫಾರ್ಮ್ ಗಲ್ಲಾದಲ್ಲಿ ಇಟ್ಟು ಬೀಗ ಹಾಕಿದ್ದಾರೆ. ಒಂದು ಆಡಿಯೊ ಕೇಳಿಸ್ತಾರೆ ನನಗೆ. ಬಾರ್ ಬಾರ್. ಯಾರೋ ಫೌಜಿ ಅಂತೆ. ಮದುವೆ ಆಗದವರನ್ನೇ ಕಳಿಸ್ತಾರೆ ಅಂತೆ."

ನನ್ನ ಹೆಂಡತಿ ದೋಸೆ ಕಾವಲಿಯ ಮೇಲಿಂದ ಕಣ್ಣೆತ್ತಿ ನನ್ನನ್ನು ನೋಡಿದಳು. ಆ ನೋಟಕ್ಕೆ ಕಾವಲಿಯೂ ಬೇಡ, ಗ್ಯಾಸೂ ಬೇಡ, ದೋಸೆ ಬೇಯುತ್ತಿತ್ತು.

"ಪಪ್ಪಾ ಸಹಿ ಹಾಕದಿದ್ರೆ ಬೇರೆ ಯಾರದ್ದಾದ್ರೂ ಆಗ್ತದಲ್ಲ" ಎಂದೆ ಮೆಲ್ಲಗೆ.

"ಆಗ್ತದೆ. ಅತ್ತೆ ಹಾಕಬಹುದು. ನಾನು ಹಾಕಿಸುದಿಲ್ಲ. ಪಪ್ಪಾಗೆ ಚೋರಿ ಮಾಡಿ ಹೋದ ಹಾಗೆ ಆಗ್ತದೆ. ನಾಲ್ಕು ತಿಂಗಳು ಅವರು ಒಬ್ಬರೇ ಕೂತು ಆ ಆಡಿಯೊ ಕೇಳ್ತಾರೆ, ಮಾವ."

ನಾನು ಯಾವತ್ತೂ ಯಾರ ಎದುರೂ ತಲೆ ತಗ್ಗಿಸಿದವನಲ್ಲ. ಆ ದಿನ ತಟ್ಟೆಯಲ್ಲಿ ಏನೋ ಬಿದ್ದ ಹಾಗೆ ನೋಡುತ್ತಾ ಕೂತೆ. ಹೆಂಡತಿ ಹೇಳಿದಳು: "ಹೇಳಿ ನಿಮ್ಮ ಬಾಯಿಂದಲೇ. ಮಾಡಿದ್ದು ಬಾಯಲ್ಲಿ ಅಲ್ವಾ?"

ಹೇಳಿದೆ. ಹುಡುಗಿ ಮೊದಲು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಮಾವ, ಪಪ್ಪಾ ನಿಜವಾಗಿ ಹೆದರಿದ್ದಾರೆ" ಎಂದು ಮಾತ್ರ ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಅಲ್ಲೇ ಭಾವನಿಗೆ ಫೋನು ಮಾಡಿದೆ.

"ಏ ಮಾರಾಯ, ಆ ಫೌಜಿ ಯಾರೂ ಅಲ್ಲ. ನಾನೇ."

"ಗೊತ್ತಾಯ್ತು ಭಾವ."

"ಗೊತ್ತಾಯ್ತಾ? ಹೇಗೆ?"

"ನೀವು ಯಾವುದನ್ನು ಮಾಡ್ಲಿಲ್ಲ ಹೇಳಿ. ಚಂದ್ರನ ಮೇಲೆ ಕಳಿಸಿದ ಯಂತ್ರಕ್ಕೆ ಚಟ್ನಿಪುಡಿ ಕಟ್ಟಿಕೊಟ್ಟದ್ದೂ ನೀವೇ ಅಂತ ಹೋದ ಗಣೇಶ ಚೌತಿಗೆ ಹೇಳಿದ್ರಿ."

"ಅದು ಬಂಡಲ್ ಮಾರಾಯ. ಇದು ನಿಜ."

"ಅದನ್ನು ಹೇಳುವಾಗಲೂ ನಿಜ ಅಂತಲೇ ಹೇಳಿದ್ರಿ."

ಮೂಗು ಹಿಡಿದು 'ನಮಸ್ಕಾರ್ರಿ ಎಲ್ಲಾರಿಗೂ' ಎಂದು ಪೂರ್ತಿ ಹೇಳಿ ತೋರಿಸಿದೆ. ಅವನು ಸಮಾಧಾನದಿಂದ ಕೇಳಿ, "ಚೆಂದ ಮಾಡ್ತೀರಿ. ಆದರೆ ಅವರ ದನಿಯಲ್ಲಿ ಒಂದು ನೋವುಂಟು, ಅದು ನಿಮಗೆ ಬರ್ಲಿಲ್ಲ" ಎಂದ. ನನ್ನ ಕಲೆಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೊಟ್ಟಿಲ್ಲ. ಇದಕ್ಕಿಂತ ದೊಡ್ಡ ಪೆಟ್ಟನ್ನೂ ಯಾರೂ ಕೊಟ್ಟಿಲ್ಲ. ಹೆಂಡತಿ ಫೋನು ಕಿತ್ತುಕೊಂಡು, "ತಮ್ಮ, ನಾನು ಕಣ್ಣಾರೆ ಕಂಡಿದ್ದೇನೆ" ಎಂದಳು. "ಅಕ್ಕ, ನಿನಗೆ ಹುಡುಗಿಯನ್ನು ಕಳಿಸ್ಬೇಕು ಅಂತ ಉಂಟು. ನೀನು ಅವಳ ಪಕ್ಷ" ಎಂದ. ಕೊನೆಗೆ ದನಿ ತಗ್ಗಿಸಿ ನನ್ನನ್ನು ಕೇಳಿದ: "ಭಾವ, ನಿಜ ಹೇಳಿ. ಯಾರಾದ್ರೂ ಮನೆಗೆ ಬಂದು ನಿಮ್ಮ ಹತ್ರ ಹೀಗೆ ಹೇಳಿಸ್ತಾ ಇದ್ದಾರಾ?"

ಇದೇ ನೋಡಿ ಇಂಥ ಕಥೆಗಳ ಚಂದ. ಹೌದು ಅಂದರೆ ಸಾಕ್ಷಿ, ಅಲ್ಲ ಅಂದರೆ ಇನ್ನೂ ದೊಡ್ಡ ಸಾಕ್ಷಿ. ಆ ಸೈನ್ಯದವರು ಕೂಡ ಎಷ್ಟು ಸಲ ಬಾಯಿ ಬಡಿದುಕೊಂಡಿದ್ದಾರೋ, ಚಳಿಯಪ್ಪಾ, ಬರೀ ಚಳಿ ಎಂದು. ಅವರ ಮೇಲೆ ಮೊದಲ ಸಲ ನನಗೆ ಕನಿಕರ ಬಂತು.

ಆದರೆ ನಾನು ಸುಮ್ಮನೆ ಕೂರುವ ಆಸಾಮಿಯಲ್ಲ. ರಾತ್ರಿ ಊಟಕ್ಕೆ ಕೂತಾಗ ಹೊಳೆಯಿತು. ಮನುಷ್ಯನ ಮಾತು ನಂಬದಿದ್ದರೆ ಬೇಡ. ಗ್ರೈಂಡರ್ ಸುಳ್ಳು ಹೇಳುತ್ತದೆಯೇ? ಹೋಟೆಲು ಮುಚ್ಚುವಾಗ ಆ ಗ್ರೈಂಡರನ್ನು ವಡೋದರಾದ ಗೋರ್ವಾದಲ್ಲಿ ಕಾರ್ಖಾನೆಯವರಿಗೆ ಕ್ಯಾಂಟೀನು ನಡೆಸುವ ನನ್ನ ಹಳೆಯ ಅಡುಗೆಭಟ್ಟರಿಗೆ ಕೊಟ್ಟಿದ್ದೆ. ಫೋನು ಮಾಡಿ, ಅದು ಇನ್ನೂ ನಡೆಯುತ್ತಾ ಎಂದು ಕೇಳಿದೆ.

"ನಡೀತದೆ ಧಣಿ" ಎಂದರು ಭಟ್ಟರು. "ನಿಮ್ಮ ಹಾಗೆಯೇ. ಸದ್ದು ಜಾಸ್ತಿ, ಹಿಟ್ಟು ಕಮ್ಮಿ."

ಭಾವನನ್ನು ಗೋರ್ವಾಕ್ಕೆ ಕರೆತರುವುದು ಹೇಗೆ? ನಾನು ನಾಲ್ಕು ಉಪಾಯ ಹೇಳಿದೆ. ನಾಲ್ಕರಲ್ಲೂ ಯಾರಿಗೋ ಎದೆನೋವು ಬರುತ್ತಿತ್ತು. ಹೆಂಡತಿ ಒಂದನ್ನೂ ಒಪ್ಪಲಿಲ್ಲ. ಹುಡುಗಿಯೇ ಅಪ್ಪನಿಗೆ ಫೋನು ಮಾಡಿದಳು: "ಪಪ್ಪಾ, ಶನಿವಾರ ಬರೋಡಾಕ್ಕೆ ಬನ್ನಿ. ಮಾವ ಒಂದು ಮಷಿನ್ ಕೇಳಿಸ್ತಾರೆ. ಕೇಳಿದ ಮೇಲೂ ನೀವು ನಹೀ ಅಂದ್ರೆ ನಾನು ಹೋಗುದಿಲ್ಲ. ಬಸ್. ಮತ್ತೆ ಕೇಳುದೂ ಇಲ್ಲ."

ಏಳು ವರ್ಷ ಓದಿದ ವಿದ್ಯೆಯನ್ನು ಹುಡುಗಿ ನನ್ನ ಗ್ರೈಂಡರಿನ ಮೇಲೆ ಇಟ್ಟುಬಿಟ್ಟಿದ್ದಳು. ಅದು ನನ್ನ ಮೇಲೆ ಇಟ್ಟದ್ದಲ್ಲ ಎಂಬುದೊಂದೇ ಸಮಾಧಾನ.

ಶನಿವಾರ ನಾವು ಮೂವರು ಅಹಮದಾಬಾದಿನಿಂದ, ಭಾವ ಸೂರತ್ತಿನಿಂದ, ವಡೋದರಾ ಸ್ಟೇಷನ್ನಿನಲ್ಲಿ ಸೇರಿದೆವು. ಭಾವನ ಒಂದು ಕೈಯಲ್ಲಿ ಫಾರ್ಮಿನ ಲಕೋಟೆ, ಇನ್ನೊಂದು ಕೈಯಲ್ಲಿ ಅಕ್ಕನಿಗೆ ಸೂರತ್ತಿನ ಘಾರಿ ಮಿಠಾಯಿಯ ಡಬ್ಬ. ಆಟೊದಲ್ಲಿ ನನ್ನ ಪಕ್ಕ ಕೂತು, ಗೋರ್ವಾ ಮುಟ್ಟುವವರೆಗೂ ಹೊರಗಿನ ಕಾರ್ಖಾನೆಗಳ ಬೋರ್ಡುಗಳನ್ನು ಓದಿದ. ಇಳಿಯುವಾಗ ಒಂದು ಮಾತು: "ಭಾವ, ಇಲ್ಲಿಯೂ ಅರ್ಜಿ ಕೊಡ್ಲಿಕ್ಕುಂಟಾ, ಹಗ್ಗ ತರ್ಬೇಕಿತ್ತಾ?"

ಕ್ಯಾಂಟೀನಿನಲ್ಲಿ ಮಧ್ಯಾಹ್ನದ ಊಟದ ಪಾಳಿ ಮುಗಿದಿತ್ತು. ಭಟ್ಟರು ನೆನೆಸಿದ ಉದ್ದು ಸಿದ್ಧ ಇಟ್ಟಿದ್ದರು. ಗ್ರೈಂಡರಿಗೆ ಸುರಿದು ಗುಂಡಿ ಒತ್ತಿದರು. ಗರಗರ ಗರಗರ. ಕಿವಿ ಕಿತ್ತುಹೋಗುವ ಸದ್ದು. ನಾವು ನಾಲ್ವರೂ ದೇವರ ಕೋಣೆಯಲ್ಲಿ ನಿಂತ ಹಾಗೆ ನಿಂತಿದ್ದೆವು. ಐದು ನಿಮಿಷವಾಯಿತು. ಭಾವ ಜೇಬಿನಿಂದ ಫೋನು ತೆಗೆದು ಆಡಿಯೊ ಹಾಕಿ ಒಂದು ಕಿವಿಗೆ ಹಿಡಿದ, ಇನ್ನೊಂದು ಕಿವಿ ಗ್ರೈಂಡರಿಗೆ ಕೊಟ್ಟ.

"ಇದೆಂತ ಭಾವ? ಒಂದಕ್ಕೊಂದು ಸಂಬಂಧ ಇಲ್ಲ."

"ಸ್ವಲ್ಪ ನಿಲ್ಲು ಮಾರಾಯ. ಉದ್ದು ಹದಕ್ಕೆ ಬರ್ಲಿ."

"ಬಂದದ್ದೇ ತಪ್ಪಾಯ್ತು." ಲಕೋಟೆಯನ್ನು ಕಂಕುಳಲ್ಲಿ ಒತ್ತಿಕೊಂಡು ಬಾಗಿಲ ಕಡೆ ತಿರುಗಿದ. ಹುಡುಗಿ ಗೋಡೆಗೊರಗಿ ನಿಂತು ತನ್ನ ಕೈಬೆರಳು ನೋಡಿಕೊಳ್ಳುತ್ತಿದ್ದಳು. 

ಅವನನ್ನು ನಿಲ್ಲಿಸಿದ್ದು ನಾನಲ್ಲ, ಭಟ್ಟರು. ಅದೂ ಬೇಕೆಂದಲ್ಲ. ಭಟ್ಟರು ಯಾವುದೋ ಫೋನು ಬಂತೆಂದು ಹೊರಗೆ ಹೋದರು. ಗ್ರೈಂಡರಿನಲ್ಲಿ ಉದ್ದು ಒಣಗಿ ಗೋಡೆಗೆ ಹತ್ತಲು ಶುರುವಾಯಿತು. ಇಡ್ಲಿ ಹೋಟೆಲಿನಲ್ಲಿ ಕೆಲಸ ಕಲಿತ ಯಾವ ಮನುಷ್ಯನಿಗೂ ಅದನ್ನು ನೋಡಿ ಬಾಗಿಲು ದಾಟುವ ಶಕ್ತಿ ದೇವರು ಕೊಟ್ಟಿಲ್ಲ. ಮನೆಗೆ ಬೆಂಕಿ ಬಿದ್ದಿದ್ದರೂ ಮೊದಲು ಉದ್ದಿಗೆ ನೀರು.

"ನೀರು ಹಾಕುವವರು ಯಾರೂ ಇಲ್ವಾ?" ಎಂದು ಬೊಬ್ಬೆ ಹೊಡೆದ ಭಾವ. "ಉದ್ದು ಬಿಸಿಯಾದ್ರೆ ನಾಳೆ ಇಡ್ಲಿ ಕಲ್ಲಾಗ್ತದೆ! ಲಗಾಡಿ ತೆಗೀತೀರಿ ನೀವೆಲ್ಲ!" ಲಕೋಟೆಯನ್ನು ಮಗಳ ಕೈಗೆ ತುರುಕಿ, ತೋಳು ಮಡಚಿ, ಕೈ ತೊಳೆದು ಗ್ರೈಂಡರಿನ ಬಳಿ ಕುಕ್ಕರುಗಾಲಿನಲ್ಲಿ ಕೂತ. ಚೊಂಬಿನ ನೀರನ್ನು ಬೊಗಸೆಯಲ್ಲಿ ಚಿಮುಕಿಸುತ್ತಾ, ತಿರುಗುವ ಕಲ್ಲಿಗೆ ಕೈ ತಗುಲದ ಹಾಗೆ ಅಂಚಿನ ಹಿಟ್ಟನ್ನು ಒಳಗೆ ತಳ್ಳುತ್ತಾ, ಸದ್ದು ಕೇಳಿ ಮತ್ತೆ ನೀರು, ಸದ್ದು ಕೇಳಿ ಮತ್ತೆ ನೀರು. ಸೂರತ್ತಿನಲ್ಲಿ ಹತ್ತಾರು ಆಳುಗಳ ಧಣಿ, ಇಲ್ಲಿ ಹತ್ತೊಂಬತ್ತರ ಆಳಾಗಿ ಕೂತಿದ್ದ.

ಇಪ್ಪತ್ತು ನಿಮಿಷವಾಗಿರಬಹುದು. ಹಿಟ್ಟು ಉಬ್ಬಿ ಬಂತು. ಒಂದು ತೊಟ್ಟು ತೆಗೆದು ನೀರಿನ ಚೊಂಬಿಗೆ ಬಿಟ್ಟ. ತೇಲಿತು. ಗರಗರ ತಗ್ಗಿ ತಗ್ಗಿ 'ಹೂ' ಎಂದು ಉಳಿಯಿತು.

ಟಕ್.

ಭಾವನ ಕೈ ಅಲ್ಲೇ ನಿಂತಿತು.

ಹೂ. ಟಕ್. ಹೂ. ಟಕ್.

ಮಗಳು ಹತ್ತಿರ ಬಂದು ಅವನ ಜೇಬಿನಿಂದ ಫೋನು ತೆಗೆದು ಆಡಿಯೊ ಹಾಕಿದಳು. ಬರ್ಫದ ಕೆಳಗೂ ಟಕ್, ಗೋರ್ವಾದಲ್ಲೂ ಟಕ್. ಜರ್ಮನರ ಕೋಟೆ, ತಟ್ಟೆ ವಿಮಾನ, ಎತ್ತರದ ಜನ, ಬೋಪಾಲಿನಷ್ಟು ದೊಡ್ಡ ಪಿಸ್ಟನ್ನು ಎಲ್ಲ ಉದ್ದಿನ ಹಿಟ್ಟಿನಲ್ಲಿ ಕರಗಿಹೋಯಿತು. ನಾನು ಗೆದ್ದವನ ಹಾಗೆ ಸೊಂಟಕ್ಕೆ ಕೈ ಕೊಟ್ಟು ನಿಂತೆ.

ಭಾವ ನನ್ನ ಕಡೆ ನೋಡಲಿಲ್ಲ. ಗುಂಡುಕಲ್ಲನ್ನೇ ನೋಡುತ್ತಾ, "ಈ ಕಲ್ಲು ನಾನು ಒಡೆದದ್ದು" ಎಂದ.

"ಎಂತದು?"

"ಬಂದ ವಾರ. ನೀವು ನನ್ನನ್ನು ಗಾಳಿಪಟದ ಅರ್ಜಿಗೆ ಕಳಿಸಿದ್ರಲ್ಲ, ಅದರ ಮರುದಿನ. ಸಿಟ್ಟು ಇತ್ತು. ತೊಳೀಲಿಕ್ಕೆ ಗುಂಡುಕಲ್ಲು ಎತ್ತುವಾಗ ಕೈ ಜಾರಿತು. ನೆಲಕ್ಕೆ ಬಿತ್ತು. ಚಕ್ಕೆಯನ್ನು ಹಿಂದಿನ ಚರಂಡಿಗೆ ಹಾಕಿದೆ. ಗ್ರೈಂಡರ್ ಆಗಷ್ಟೇ ಹೊಸತಾಗಿ ಬಂದಿತ್ತು, ಇನ್ನೂ ಉದ್ದು ಹಾಕಿರ್ಲಿಲ್ಲ. ನೀವು ಕೇಳಿದ್ದಕ್ಕೆ, ಕೊಯಮತ್ತೂರಿನಿಂದ ಬರುವಾಗಲೇ ಹೀಗಿತ್ತು ಅಂದೆ."

ನಾನು ಮೂವತ್ತು ಚಿಲ್ಲರೆ ವರ್ಷ ಆ ಕೊಯಮತ್ತೂರಿನ ಕಲ್ಲಿನವರಿಗೆ ಶಾಪ ಹಾಕಿದ್ದೆ. ಕಾಗದ ಬರೆದು ಬೈದಿದ್ದೆ. ಅವರ ಕಡೆಯವರು ಹೊಸ ಯಂತ್ರ ಮಾರಲು ಬಂದಾಗ ಕಾಫಿ ಕೂಡ ಕೊಡದೆ ಓಡಿಸಿದ್ದೆ. ಮೂರು ಊರಿನ ಜನರನ್ನು ಮಂಗ ಮಾಡಿದ ನನ್ನನ್ನು, ಹತ್ತೊಂಬತ್ತರ ಒಬ್ಬ ಗೂಬೆ ಮೂವತ್ತು ವರ್ಷ ಮಂಗ ಮಾಡಿ ಕೂರಿಸಿದ್ದ!

"ದಿನಾ ಬೆಳಿಗ್ಗೆ ಆ ಟಕ್ ಕೇಳುವಾಗ ನನ್ನ ಜೀವ ಹೋಗ್ತಿತ್ತು ಭಾವ" ಎಂದ. "ಇವತ್ತು ನಿಮಗೆ ಗೊತ್ತಾಗ್ತದೆ, ಇವತ್ತು ಊರಿಗೆ ಕಳಿಸ್ತೀರಿ ಅಂತ. ಇದನ್ನು ನಾನು ನಿದ್ದೆಯಲ್ಲಿಯೂ ಗುರ್ತ ಹಿಡೀಬೇಕಿತ್ತು."

"ಮತ್ತೆ ಎರಡು ವರ್ಷದಿಂದ ಯಾಕೆ ಹಿಡೀಲಿಲ್ಲ ಮಾರಾಯ?"

"ಬರ್ಫದ ಕೆಳಗೆ ಅಂತ ಮೊದಲೇ ಹೇಳಿಬಿಟ್ರಲ್ಲ ನೀವು."

ನನ್ನ ಹೆಂಡತಿ ಗಟ್ಟಿಯಾಗಿ ನಕ್ಕಳು. ಮೂವತ್ತು ವರ್ಷದಲ್ಲಿ ನನ್ನ ಯಾವ ಕೀಟಲೆಗೂ ಅವಳು ಹಾಗೆ ನಕ್ಕದ್ದಿಲ್ಲ.

ಇಲ್ಲಿಗೆ ಭಾವ ಸಹಿ ಹಾಕಿದ ಎಂದು ಬರೆದು ಮುಗಿಸಿದರೆ ನನಗೂ ಒಳ್ಳೆಯದಿತ್ತು. ಅವನು ಹಾಕಲಿಲ್ಲ. ಗ್ರೈಂಡರ್ ನಿಲ್ಲಿಸಿ, ಹಿಟ್ಟನ್ನು ಎರಡೂ ಕೈಯಲ್ಲಿ ಬಾಚಿ ಪಾತ್ರೆಗೆ ತುಂಬಿ, ಕಲ್ಲು ತೊಳೆದ. ಎಷ್ಟು ನಿಧಾನ ತೊಳೆದನೆಂದರೆ ಭಟ್ಟರೇ ಮುಜುಗರಪಟ್ಟರು. ಆಮೇಲೆ ಮಗಳಿಗೆ ಹೇಳಿದ:

"ಯಂತ್ರ ಇಲ್ಲ, ಸರಿ. ಚಳಿ ಉಂಟಲ್ಲ?"

"ಇದೆ ಪಪ್ಪಾ. ಚಳಿ ಸಚ್ ಇದೆ."

"ಗಾಳಿ?"

"ಅದೂ ಸಚ್."

"ನಿನ್ನ ಅಮ್ಮನಿಗೆ ಫ್ಯಾನಿನ ಗಾಳಿಯೇ ಆಗ್ತಿರ್ಲಿಲ್ಲ" ಎಂದ. ಅವನಿಗೆ ಬೇಕಿದ್ದದ್ದು ಜರ್ಮನರಲ್ಲ, ಒಂದು ಕಾರಣ ಎಂದು ಆಗ ನನ್ನ ತಲೆಗೆ ಹೋಯಿತು. ಮಗಳನ್ನು ಕಳಿಸಲು ಹೆದರಿಕೆ ಎನ್ನುವುದಕ್ಕಿಂತ ಅಮೆರಿಕದ ಸೈನ್ಯವೇ ಹೆದರಿತು ಎನ್ನುವುದು ಗಂಡಸಿಗೆ ಸುಲಭ. ನಾನು ಅವನಿಗೆ ಆ ಸುಲಭವನ್ನು ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದೆ.

"ಚಳಿ ಜಾಸ್ತಿ ಆದ್ರೆ?" ಎಂದು ಕೇಳಿದ.

"ವಾಪಸ್ ಬರ್ತೇವೆ ಪಪ್ಪಾ. ಆ ಅಮೆರಿಕದ ಫೌಜಿನವರು ಬಂದ ಹಾಗೆ. ಅವರು ಅದಕ್ಕೇ ಬಂದದ್ದು. ಬರುದು ಶರಮ್ ಅಲ್ಲ."

ಅವನು ಲಕೋಟೆ ಕೇಳಿದ. ಕ್ಯಾಂಟೀನಿನ ತಗಡಿನ ಮೇಜಿನ ಮೇಲೆ ಫಾರ್ಮ್ ಇಟ್ಟು, ಒಂದೊಂದು ಸಾಲೂ ಓದಿ, ಎರಡು ಸಲ ಓದಿ, ಸಹಿ ಹಾಕಿದ. ಹೆಬ್ಬೆರಳಿನ ಉದ್ದಿನ ಹಿಟ್ಟು ಕಾಗದಕ್ಕೆ ಅಂಟಿತು. ಹುಡುಗಿ ಒರೆಸಲು ಹೋದಳು. "ಇರ್ಲಿ, ಒಣಗಿದ್ರೆ ತಾನೇ ಬೀಳ್ತದೆ" ಎಂದ. ನನ್ನ ಕಡೆ ತಿರುಗಿ, "ನೀವು ಗುಂಪಿನಲ್ಲಿ ನಿಜ ಬರೀಬೇಕು. ಇವತ್ತೇ" ಎಂದ.

ವಾಪಸು ರೈಲಿನಲ್ಲಿ ಕೂತು ಬರೆದೆ. ಆ ಫೌಜಿ ನಾನೇ, ಆ ಯಂತ್ರ ಗ್ರೈಂಡರು, ಕ್ಷಮೆ ಇರಲಿ ಎಂದು. ಆಣಂದ್ ದಾಟುವಷ್ಟರಲ್ಲಿ ಮ್ಯಾನೇಜರರ ಉತ್ತರ ಬಂತು: 'ನಮ್ಮ ಹಿರಿಯ ಸದಸ್ಯರು ಯಾವುದೋ ಒತ್ತಡದಲ್ಲಿದ್ದಾರೆ. ಎಲ್ಲರೂ ಎಚ್ಚರದಿಂದಿರಿ.' ಕೆಳಗೆ ಹದಿನೇಳು ಕೈಮುಗಿದ ಚಿತ್ರಗಳು. ಕಂಪನಿ ಹುಡುಗನೊಬ್ಬ, ಅಂಕಲ್ ನಿಮ್ಮ ಫ್ಲಾಟ್ ಖಾಲಿಯಾಗುತ್ತಾ ಎಂದು ಕೇಳಿದ್ದ.

ಹುಡುಗಿ ಹೋದಳು. ಭಾವ ಏರ್‌ಪೋರ್ಟಿಗೆ ಬಂದಿದ್ದ, ಅಳಲಿಲ್ಲ. ಅವಳ ಚೀಲಕ್ಕೆ ಎರಡು ಮಂಗನ ಟೊಪ್ಪಿ ತುರುಕಿದ. ಕೆಲವು ವಾರ ಸುದ್ದಿ ಚೂರುಚೂರಾಗಿ ಬರುತ್ತಿತ್ತು. ಆಮೇಲೆ ಒಂದು ದಿನ ಅವಳ ದನಿ ಬಂತು: "ಪಪ್ಪಾ, ಸುನೋ, ಇದು ಇಲ್ಲಿಯ ಗಾಳಿ. ನಾನು ಚೆನ್ನಾಗಿದ್ದೇನೆ. ಟೊಪ್ಪಿ ಹಾಕಿದ್ದೇನೆ, ಎರಡೂ." ಹಿಂದೆ ಉದ್ದಕ್ಕೆ ಒಂದು ಸದ್ದು, 'ಹೂ' ಎಂದು, ಎಲ್ಲೂ ನಿಲ್ಲದೆ.

ಭಾವನಿಗೆ ಖುಷಿ ತಡೆಯಲಾಗದೆ ಅದನ್ನು ಗುಂಪಿಗೆ ಹಾಕಿಬಿಟ್ಟ. ಮ್ಯಾನೇಜರರು ಹತ್ತೇ ನಿಮಿಷದಲ್ಲಿ ಪರೀಕ್ಷೆ ಮಾಡಿ ಬರೆದರು: 'ಇದು ಧ್ರುವದ ಗಾಳಿ ಅಲ್ಲ. ಸ್ಪಷ್ಟವಾಗಿ ಯಾವುದೋ ಹೋಟೆಲಿನ ಗ್ರೈಂಡರ್. ಹುಡುಗಿ ನಿಜವಾಗಿ ಎಲ್ಲಿದ್ದಾಳೆ ಎಂದು ಮನೆಯವರು ವಿಚಾರಿಸುವುದು ಒಳ್ಳೆಯದು.'

ನಾನು ಉತ್ತರ ಬರೆಯಲು ಫೋನು ಎತ್ತಿದೆ. ನನ್ನ ಮಾತಿಗೆ ಆ ಗುಂಪಿನಲ್ಲಿ ಇರುವ ಬೆಲೆ ನೆನಪಾಗಿ ಕೆಳಗಿಟ್ಟೆ. ಅಷ್ಟರಲ್ಲಿ ಇಷ್ಟು ವರ್ಷ ಬೆಳಗಿನ ಹೂವಿನ ಚಿತ್ರ ಬಿಟ್ಟು ಒಂದಕ್ಷರ ಹಾಕದ ಸೂರತ್ತಿನ ಭಾವ ಏನೋ ಬರೆಯುತ್ತಿರುವುದು ಕಾಣಿಸಿತು. ತುಂಬಾ ಹೊತ್ತು ಬರೆದ. ಕೊನೆಗೆ ಬಂದದ್ದು ಒಂದೇ ಸಾಲು:

'ಗ್ರೈಂಡರ್ ಅಲ್ಲ. ಗ್ರೈಂಡರ್ ನನಗೆ ಗೊತ್ತುಂಟು.'